ಗಿಡ ಕೇಳಿದಷ್ಟು

ಮಾರ್ಚ್ 3, ಭಾನುವಾರ

ಗುಲಾಬಿ ಇವತ್ತು ಎರಡು ಚಮಚ ಗಂಜಿ ನುಂಗಿದಳು. ಮೂರನೆಯದನ್ನು ನನ್ನ ಅಂಗಿಯ ಮೇಲೆ ಕಕ್ಕಿದಳು. ಅಂಗಿ ತೊಳೆದು ಹಾಕಿ ಬಂದು ಮತ್ತೆ ಬಟ್ಟಲು ಹಿಡಿದೆ. ಮುಖ ಗೋಡೆಯ ಕಡೆ ತಿರುಗಿಸಿದಳು. ನನಗೆ ಸಿಟ್ಟು ಬಂತು.

"ಉಣ್ಣದೆ ಇದ್ರೆ ಬದುಕೂದ್ ಹ್ಯಾಂಗೆ?" ಎಂದು ಗದರಿದೆ.

ಅವಳು ಕಣ್ಣು ಮುಚ್ಚಿಕೊಂಡಳು.

ಪರದೇಶದ ಈ ಕ್ರೋಯ್ಡನ್ನಿನ ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ದೋಸೆ ಕಾವಲಿಯ ಮುಂದೆ ನಿಂತವನು ನಾನು. ಉಮಾನಾಥನ ಕೈಯ ದೋಸೆಯೇ ಬೇಕು ಎಂದು ಜನ ಟ್ರ್ಯಾಮ್ ಇಳಿದು ಬರುತ್ತಾರೆ. ಮನೆಯಲ್ಲಿ ನನ್ನ ಹೆಂಡತಿಯ ಹೊಟ್ಟೆಗೆ ಒಂದು ಲೋಟ ಗಂಜಿ ಇಳಿಸಲು ನನ್ನಿಂದ ಆಗುತ್ತಿಲ್ಲ.

ಶುಕ್ರವಾರ ಆಸ್ಪತ್ರೆಯಲ್ಲಿ ಕೀಮೋ ನಿಲ್ಲಿಸುತ್ತೇವೆ ಎಂದರು. ಹೊಟ್ಟೆಯ ಗಡ್ಡೆ ಲಿವರಿಗೂ ಹೋಗಿದೆಯಂತೆ. ಇನ್ನೆಷ್ಟು ಕಾಲ ಎಂದು ನಾನು ಕೇಳಲಿಲ್ಲ. ಮಗಳು ಶೀತಲ್ ಕೇಳಿದಳು, ಇಂಗ್ಲಿಷಿನಲ್ಲಿ. ಡಾಕ್ಟರಮ್ಮ ಹೇಳಿದ್ದು ನನಗೂ ಅರ್ಥವಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಮಾರ್ಚ್ 9, ಶನಿವಾರ

ವಾಂತಿಗೆ ಕೊಟ್ಟ ಮಾತ್ರೆಯೂ ವಾಂತಿಯಲ್ಲೇ ಹೊರಗೆ ಬರುತ್ತಿದೆ.

ಹೋಟೆಲಿನ ಹಿಂಬಾಗಿಲಲ್ಲಿ ಸೂರಜ ಸಿಕ್ಕಿದ. ನಮ್ಮ ಹೋಟೆಲಿನ ಪಾರ್ಸೆಲ್ ವ್ಯಾನ್ ಓಡಿಸುವವನು, ಬೆಂಗಳೂರಿನವನು, ನಲವತ್ತು ದಾಟಿದವನು. ಗುಲಾಬಿಯ ವಿಷಯ ಕೇಳಿದ. ಹೇಳಿದೆ. ಅವನು ಆಚೀಚೆ ನೋಡಿ, "ಅಣ್ಣಾ, ಗಾಂಜಾ ಕೊಟ್ಟು ನೋಡಿದೀರಾ?" ಎಂದ.

ನನಗೆ ಕೈಯಲ್ಲಿದ್ದ ಹಿಟ್ಟಿನ ಡಬ್ಬ ಅವನ ತಲೆಯ ಮೇಲೆ ಹಾಕುವಷ್ಟು ಕೋಪ ಬಂತು. ಅವನು ಹೆದರಲಿಲ್ಲ. "ಸೇದೋಕಲ್ಲ ಅಣ್ಣಾ. ತುಪ್ಪದಲ್ಲಿ ಕಾಸಿ ಚೂರೇ ಚೂರು ನಾಲಿಗೆ ಮೇಲೆ. ನಮ್ಮ ಭಾವನಿಗೆ ಕೊಟ್ಟಿದ್ವಿ. ವಾಂತಿ ನಿಲ್ಲುತ್ತೆ, ಹಸಿವು ಬರುತ್ತೆ" ಎಂದ.

ಹಸಿವು ಬರುತ್ತದೆ ಎಂದನಲ್ಲ, ಆ ಮಾತು ಇಡೀ ದಿನ ಕಿವಿಯಲ್ಲಿ ಕೂತಿತ್ತು.

ಗಾಂಜಾದ ಔಷಧಿಯ ಬಗ್ಗೆ ನಮ್ಮ ಬಡಾವಣೆಯ ಡಾಕ್ಟರನ್ನು ಸುಮ್ಮನೆ ವಿಚಾರಿಸುವವನ ಹಾಗೆ ವಿಚಾರಿಸಿದೆ. ದೊಡ್ಡಾಸ್ಪತ್ರೆಯ ತಜ್ಞರು ಬರೆದುಕೊಡಬೇಕು, ಬರೆದುಕೊಡುವುದು ತೀರಾ ಅಪರೂಪ, ಖಾಸಗಿ ಕ್ಲಿನಿಕ್ಕುಗಳಿವೆ ಎಂದರು. ಖಾಸಗಿ ಕ್ಲಿನಿಕ್ಕು ನಮ್ಮಂಥವರಿಗಲ್ಲ. ಬೀದಿಯಲ್ಲಿ ಕೊಳ್ಳುವುದಕ್ಕೆ ಸೂರಜನೇ ಬೇಡ ಎಂದ. ಅದರಲ್ಲಿ ಏನು ಬೆರೆಸಿರುತ್ತಾರೋ ಯಾರಿಗೆ ಗೊತ್ತು. "ಎರಡು ಬೀಜ ತಂದುಕೊಡ್ತೀನಿ. ಎರಡೂವರೆ, ಮೂರು ತಿಂಗಳಲ್ಲಿ ತಾನೇ ಹೂ ಬಿಡೋ ತಳಿ."

ಸಿಕ್ಕಿಬಿದ್ದರೆ ಪೊಲೀಸು. ಈ ಬಾಡಿಗೆ ಮನೆಯೂ ಹೋಗಬಹುದು. ನನ್ನ ಇಡೀ ಆಯುಷ್ಯದಲ್ಲಿ ಟ್ರ್ಯಾಮನ್ನು ಕೂಡ ಟಿಕೆಟಿಲ್ಲದೆ ಹತ್ತಿದವನಲ್ಲ.

ಮಾರ್ಚ್ 17, ಭಾನುವಾರ

ಎರಡೂ ಮೊಳೆತಿವೆ.

ನೀರು ಕಾಯಿಸುವ ಬಾಯ್ಲರ್ ಇರುವ ಕಪಾಟಿನ ಕೋಣೆಯಲ್ಲಿ ಇಟ್ಟಿದ್ದೇನೆ. ಅಲ್ಲಿ ಬೆಚ್ಚಗಿರುತ್ತದೆ. ಸೂರಜ ಒಂದು ದೀಪವನ್ನೂ ಕಪ್ಪು ಬಟ್ಟೆಯ ಗೂಡನ್ನೂ ತಂದುಕೊಟ್ಟ. ಗುಲಾಬಿಗೆ ಟೊಮೆಟೊ ಸಸಿ ಎಂದಿದ್ದೇನೆ. "ಮನೆಯೊಳಗಾ?" ಎಂದಳು. ಹೊರಗೆ ಇನ್ನೂ ಚಳಿ ಎಂದೆ. ಮತ್ತೆ ಏನೂ ಕೇಳಲಿಲ್ಲ. ಅವಳಿಗೆ ಕೇಳುವಷ್ಟು ತ್ರಾಣವೂ ಇಲ್ಲ.

ಶೀತಲ್ ಬಂದಿದ್ದಳು. ಪಟ್ಟಣದ ಆ ತುದಿಯ ಕೊಲಿಂಡೇಲಿನಿಂದ ಪ್ರತಿ ಭಾನುವಾರ ಟ್ಯೂಬು, ರೈಲು ಹಿಡಿದು ಬರುತ್ತಾಳೆ. ಅವಳು ಫಾರ್ಮಸಿಸ್ಟ್. ಅವಳಿಗೆ ಗೊತ್ತಾಗಬಾರದು. ಗೊತ್ತಿದ್ದೂ ಸುಮ್ಮನಿದ್ದಳು ಎಂದರೆ ಅವಳ ಕೆಲಸಕ್ಕೆ ಸಂಚಕಾರ. ಕಪಾಟಿಗೆ ಬೀಗ ಹಾಕಿದೆ. ಅವಳಿಗೆ ಅನ್ನ, ಸಾರು, ಕೋಳಿ, ಮೇಲೆ ಪಾಯಸ ಬಡಿಸಿದೆ. ಸಾಕು ಅಂದ ಮೇಲೂ ಒಂದು ಸೌಟು ಹಾಕಿದೆ. "ಅಪ್ಪಾ, ಸ್ಟಾಪ್!" ಎಂದು ತಟ್ಟೆ ಎಳೆದುಕೊಂಡಳು. ಮಕ್ಕಳು ಹಾಗೆಯೇ ಹೇಳುವುದು.

ಏಪ್ರಿಲ್ 6, ಶನಿವಾರ

ಗೋದಾಮುಗಳ ನಡುವೆ ಒಂದು ಅಂಗಡಿ ಇದೆ. ಹೊರಗಿನಿಂದ ನೋಡಿದರೆ ಪೈಪು ಮಾರುವ ಜಾಗದ ಹಾಗೆ. ಒಳಗೆ ಗೋಡೆ ತುಂಬ ಗೊಬ್ಬರದ ಬಣ್ಣಬಣ್ಣದ ಬಾಟಲಿ. ಗಿಡ ಯಾವುದು ಎಂದು ಅಂಗಡಿಯವನು ಕೇಳಲೂ ಇಲ್ಲ. ಟೊಮೆಟೊ ಎಂದು ನಾನೇ ಹೇಳಿದೆ. "ಎಲ್ಲರೂ ಟೊಮೆಟೊನೇ ಬೆಳೀತಾರೆ ಸರ್" ಎಂದು ನಕ್ಕ.

ಬೇರಿಗೆ ಒಂದು ಬಾಟಲಿ, ಎಲೆಗೆ ಒಂದು, ಕಾಂಡ ಗಟ್ಟಿಯಾಗಲು ಒಂದು, ಹೂ ದಪ್ಪವಾಗಲು ಒಂದು, ರುಚಿಗೆ ಒಂದು, ಈ ಎಲ್ಲ ಬಾಟಲಿಗಳೂ ಸರಿಯಾಗಿ ಕೆಲಸ ಮಾಡಲು ಮತ್ತೊಂದು. ಎಲ್ಲ ತಂದೆ. ಅಡಿಗೆಮನೆಯ ಸಿಂಕಿನ ಕೆಳಗೆ ಸಾಲಾಗಿ ಇಟ್ಟಾಗ ಮಸಾಲೆ ಡಬ್ಬಗಳ ಹಾಗೆ ಕಂಡವು. ತುಂಬಾ ದಿನಗಳ ಮೇಲೆ ಸಮಾಧಾನವಾಯಿತು. ಇದು ನನಗೆ ತಿಳಿಯುವ ಕೆಲಸ. ಹದವಾಗಿ ಬೆರೆಸುವುದು, ಹೊತ್ತಿಗೆ ಸರಿಯಾಗಿ ಬಡಿಸುವುದು.

ಗುಲಾಬಿಗೂ ಶೀತಲ್ ಹೇಳಿದ ಪ್ರೋಟೀನ್ ಹಾಲು ತಂದಿದ್ದೇನೆ. ಸ್ಟ್ರಾಬೆರಿ, ವೆನಿಲಾ, ಚಾಕೊಲೇಟ್. ಮೂರರಲ್ಲಿ ಒಂದಾದರೂ ಇಳಿಯಬೇಕು.

ಏಪ್ರಿಲ್ 15, ಸೋಮವಾರ

ಎಲೆಗಳ ತುದಿ ಸುಟ್ಟಿದೆ. ಕಾವಲಿಯ ಮೇಲೆ ಮರೆತ ದೋಸೆಯ ಅಂಚಿನ ಹಾಗೆ ಕಂದು. ಉಳಿದ ಎಲೆಗಳು ಕಡು ಹಸಿರು, ಹಕ್ಕಿಯ ಉಗುರಿನಂತೆ ಕೆಳಕ್ಕೆ ಬಾಗಿವೆ. ಏನೋ ಕಡಿಮೆಯಾಗಿದೆ ಎಂದುಕೊಂಡು ಬೇರಿನ ಬಾಟಲಿಯಿಂದ ಇನ್ನೊಂದು ಮುಚ್ಚಳದಷ್ಟು ಹಾಕಿದೆ.

ಗುಲಾಬಿ ಇವತ್ತು ಹಲ್ಲು ಕಚ್ಚಿ ಹಿಡಿದಳು. ಚಮಚ ಹಲ್ಲಿಗೆ ತಾಗಿ ಟಕ್ಕೆಂದಿತು. ನಾನು ದವಡೆ ಒತ್ತಿದೆ. ಒತ್ತಿ ಬಾಯಿ ತೆರೆಸಿ ಸುರಿದೆ. ಅವಳ ಒಳ್ಳೆಯದಕ್ಕೇ. ಅವಳು ನುಂಗಿದಳು, ನನ್ನನ್ನೇ ನೋಡುತ್ತಾ. ಸ್ವಲ್ಪ ಹೊತ್ತಿಗೆ ಎಲ್ಲವೂ ಹಾಸಿಗೆಯ ಮೇಲೆ ಬಂತು. ಹಾಸಿಗೆ ಬದಲಿಸಿದೆ. ಅವಳ ಗಲ್ಲದಲ್ಲಿ ನನ್ನ ಹೆಬ್ಬೆರಳಿನ ಗುರುತು ಕೆಂಪಗೆ ಇತ್ತು.

ಸಂಜೆ ಹೋಟೆಲಿಗೆ ಹೋದೆ. ದೋಸೆಗಳು ಚೆನ್ನಾಗಿ ಬಂದವು.

ಏಪ್ರಿಲ್ 16, ಮಂಗಳವಾರ

ಬೆಳಿಗ್ಗೆ ಒಂದು ಗಿಡ ಕತ್ತು ಬಿದ್ದವರ ಹಾಗೆ ಬಾಗಿತ್ತು. ಕುಂಡ ಕೈಯಲ್ಲಿ ಹಿಡಿದು ಕಪಾಟಿನ ಮುಂದೆ ನಿಂತಿದ್ದೆ. ಕೋಣೆಯ ಬಾಗಿಲು ತೆರೆದಿತ್ತು.

"ಹ್ವಾಯ್, ನಿಮ್ಮ್ ಟೊಮೆಟೊ ಇಲ್ಲಿ ತನ್ನಿ ಕಾಂಬ" ಎಂದಳು ಗುಲಾಬಿ.

ಕಿವಿ ಕೇಳಿಸದವನ ಹಾಗೆ ನಿಂತೆ. ಮತ್ತೊಮ್ಮೆ ಕರೆದಳು. ತೆಗೆದುಕೊಂಡು ಹೋಗಿ ಕಿಟಕಿಯ ಹತ್ತಿರ ಇಟ್ಟೆ. ದಿಂಬಿಗೆ ಒರಗಿ ಬಹಳ ಹೊತ್ತು ನೋಡಿದಳು.

"ಇದ್ ಬಂಗಿ ಅಲ್ದಾ?"

ಗಾಂಜಾಕ್ಕೆ ನಮ್ಮೂರ ಕಡೆ ಬಂಗಿ ಎನ್ನುತ್ತಾರೆ.

"ನಮ್ಮ್ ಮನೆ ಹಿಂದ್ ಬದಿಯಲ್ಲಿ ಒಬ್ಬ್ ಜೋಗಿ ಬೆಳ್ಸಿದ್ದ. ಅಪ್ಪಯ್ಯ ಕಿತ್ತ್ ಬಿಸಾಕಿದ್ರ್. ನಂಗ್ ಗೊತ್ತಾತಿಲ್ಲೆ ಅಂದ್ಕಂಡ್ರಿಯಾ?"

ಎಲ್ಲ ಹೇಳಿದೆ. ಸೂರಜ, ತುಪ್ಪ, ಹಸಿವು. ಬೈಯುತ್ತಾಳೆ ಎಂದುಕೊಂಡೆ. ಅವಳು ಒಂದು ಎಲೆಯನ್ನು ಬೆರಳಲ್ಲಿ ಎತ್ತಿ ಹಿಂಬದಿ ನೋಡಿದಳು. ಏನೆಲ್ಲಾ ಹಾಕಿದ್ದೀರಿ ಎಂದು ಕೇಳಿದಳು. ಬಾಟಲಿಗಳನ್ನೆಲ್ಲ ತಂದು ಹಾಸಿಗೆಯ ಮೇಲೆ ಸಾಲಾಗಿ ಇಟ್ಟೆ. ನಗು ಬಂತು ಅವಳಿಗೆ. ನಕ್ಕರೆ ಹೊಟ್ಟೆ ನೋಯುತ್ತದೆ, ಆದರೂ ನಕ್ಕಳು.

"ಅದಕ್ಕೆ ರೋಗ ಎಂತದೂ ಇಲ್ಲ. ಹೊಟ್ಟೆ ಒಡಿಯುವಷ್ಟ್ ಹಾಕಿರಿ. ಉಣ್ಸಿ ಉಣ್ಸಿ ಕೊಲ್ತ್ರಿ ನೀವ್."

ಗಿಡ ಸತ್ತರೆ ಮತ್ತೆ ಮೊದಲಿನಿಂದ ಶುರುಮಾಡಲು ಸಮಯವಿಲ್ಲ. ಈಗ ಏನು ಮಾಡುವುದು ಎಂದೆ. ಬಚ್ಚಲಿಗೆ ಕೊಂಡುಹೋಗಿ ಬುಡಕ್ಕೆ ಬರೀ ನೀರು ಹೊಯ್ಯಿರಿ, ಮಣ್ಣಿನಲ್ಲಿದ್ದುದೆಲ್ಲ ತೊಳೆದು ಹೋಗಲಿ, ಆಮೇಲೆ ಮಣ್ಣು ಒಣಗುವವರೆಗೆ ಮುಟ್ಟಬೇಡಿ ಎಂದಳು. ಹಾಗೆಯೇ ಮಾಡಿದೆ. ಕೆಳಗಿನಿಂದ ಬಂದ ನೀರು ಕಷಾಯದ ಬಣ್ಣಕ್ಕಿತ್ತು.

ಏಪ್ರಿಲ್ 29, ಸೋಮವಾರ

ಹೊಸ ಚಿಗುರು ತಿಳಿ ಹಸಿರು. ಸುಟ್ಟ ಎಲೆಗಳು ಸುಟ್ಟ ಹಾಗೆಯೇ ಇವೆ, ಅವು ಮತ್ತೆ ಸರಿಯಾಗುವುದಿಲ್ಲವಂತೆ. ಹೊಸತು ಹೇಗಿದೆ ಎಂದಷ್ಟೇ ನೋಡಬೇಕು.

ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ ಸೂರಜನಿಗೆ ಕೊಟ್ಟುಬಿಟ್ಟೆ. ಈಗ ಇರುವುದು ಮಾಮೂಲಿ ಅಂಗಡಿಯಲ್ಲಿ ಸಿಗುವ ಟೊಮೆಟೊ ಗೊಬ್ಬರದ ಒಂದೇ ಬಾಟಲಿ. ಅದನ್ನೂ ಅದರ ಮೇಲೆ ಬರೆದ ಲೆಕ್ಕದ ಅರ್ಧಕ್ಕಿಂತ ಕಡಿಮೆ, ಅದೂ ಒಮ್ಮೊಮ್ಮೆ. ಉಳಿದಂತೆ ನೀರು. ಇಷ್ಟು ಸಾಕಾ ಎಂದು ದಿನಾ ಕೇಳುತ್ತೇನೆ. ಗಿಡ ತಾನೇ ಕೇಳುತ್ತದೆ ಎಂದು ದಿನಾ ಅವಳದು ಒಂದೇ ಉತ್ತರ.

"ಗಿಡ ಕೇಣ್ತ್. ಕೇಂಡಷ್ಟ್ ಕೊಡಿ. ಕೇಣದೆ ಕೊಡುಕಾಗ."

ಅವಳ ತೌರು ಹೆಮ್ಮಾಡಿ. ಅವರದು ಸೇವಂತಿಗೆ ಬೆಳೆಯುವ ಮನೆ. ಮದುವೆಯಾಗಿ ಇಷ್ಟು ಕಾಲವಾದರೂ ಆ ಗದ್ದೆಯ ಬಗ್ಗೆ ನಾನು ಕೇಳಿದವನಲ್ಲ, ಅವಳು ಹೇಳಿದವಳಲ್ಲ. ಇವತ್ತು ಹೇಳಿದಳು. ಹಟ್ಟಿ ಗೊಬ್ಬರ, ಬೂದಿ, ನೀರು, ಅವಳ ತಾಯಿ, ಅವಳು ಕರೆಯುವಂತೆ ಅಬ್ಬಿ, ಹಾಕುತ್ತಿದ್ದುದು ಅಷ್ಟೇ. ಒಂದು ವರ್ಷ ಅಪ್ಪಯ್ಯ ಪೇಟೆಯಿಂದ ಮೂಟೆಗಟ್ಟಲೆ ಸರ್ಕಾರಿ ಗೊಬ್ಬರ ತಂದು ಸುರಿದರಂತೆ. ಗಿಡ ಸೊಂಟದೆತ್ತರ ಬೆಳೆಯಿತಂತೆ, ಬರೀ ಸೊಪ್ಪು. ಊರಿಗೆಲ್ಲ ಹೂವು, ಅವರ ಗದ್ದೆಯಲ್ಲಿ ದನಕ್ಕೆ ಮೇವು. ಅಬ್ಬಿ ಆ ಗದ್ದೆಯ ಅಂಚಿನಲ್ಲಿ ಕೂತು ಗಂಡನಿಗೆ ಬೈದ ಬೈಗುಳಗಳನ್ನು ಗುಲಾಬಿ ಒಂದೊಂದಾಗಿ ಹೇಳಿ ತೋರಿಸಿದಳು. ನಡುವೆ ಉಸಿರಾಡಲು ನಿಲ್ಲಿಸುತ್ತಿದ್ದಳು, ಮತ್ತೆ ಶುರುಮಾಡುತ್ತಿದ್ದಳು. ಹೋಟೆಲಿಗೆ ತಡವಾಯಿತು.

ಮಧ್ಯಾಹ್ನ ಗಂಜಿಯ ತಿಳಿ ಮಾತ್ರ ಬೇಕು ಎಂದಳು. ಕೊಟ್ಟೆ. ಅರ್ಧ ಲೋಟ ಕುಡಿದು ಬಿಟ್ಟಳು. ಲೋಟ ತೊಳೆದಿಟ್ಟೆ.

ಮೇ 12, ಭಾನುವಾರ

ಹೂ ಬರುತ್ತಿದೆ. ವಾಸನೆಯೂ.

ಲಿಫ್ಟಿನಲ್ಲಿ ಕೆಳಗಿನ ಮನೆಯ ರತ್ನಾಬಾಯಿ ಸಿಕ್ಕಿದರು. ಧಾರವಾಡದ ಕಡೆಯವರು, ಮೂಗು ಬಹಳ ಚುರುಕು. "ಏನ್ರೀ ಉಮಾನಾಥರ, ಎಲ್ಲಿಂದೋ ಏನೋ ವಾಸನಿ ಬರಾಕತ್ತೈತಲ್ರೀ? ಹೆಗ್ಗಣ ಸತ್ತೈತೇನೋ ಅಂತ ನಮ್ಮ ಮನಿಯವ್ರು ಎಲ್ಲಾ ಹುಡುಕಿದ್ರು." ಊರಿನಿಂದ ಇಂಗು ಬಂದಿದೆ, ಡಬ್ಬ ಒಡೆದಿದೆ ಎಂದೆ. "ಅಷ್ಟು ಇಂಗಾ?" ಎಂದರು. ಹೋಟೆಲಿನದು ಎಂದೆ. ಆಮೇಲೆ ಗುಲಾಬಿ ಹೇಗಿದ್ದಾರೆ ಎಂದು ಕೇಳಿದರು. ಅಷ್ಟರಲ್ಲಿ ಅವರ ಮಹಡಿ ಬಂತು.

ಮನೆಯೊಳಗೆ ಬಂದರೆ ಬಾಗಿಲ ಕೆಳಗೆ ಚೀಟಿ. ಗುರುವಾರ ಗ್ಯಾಸ್ ಬಾಯ್ಲರ್ ತಪಾಸಣೆಗೆ ಬರುತ್ತಾರೆ. ವರ್ಷಕ್ಕೊಮ್ಮೆ ಬರುವವರು, ಈಗಲೇ ಬರಬೇಕೇ.

ಮೇ 16, ಗುರುವಾರ

ಇದನ್ನೆಲ್ಲ ಬರೆದಿಡಬಾರದು. ಆದರೂ ಬರೆಯುತ್ತೇನೆ.

ಗಿಡಗಳನ್ನು ಎಲ್ಲಿ ಮುಚ್ಚಿಡುವುದು ಎಂದು ಮೂರು ದಿನ ತಲೆ ಕೆಡಿಸಿಕೊಂಡೆ. ಸೂರಜನ ವ್ಯಾನು ಸಿಗಲಿಲ್ಲ. ಬಚ್ಚಲಲ್ಲಿಟ್ಟರೆ ತಪಾಸಣೆಯವನು ನಲ್ಲಿ ನೋಡಲು ಬರಬಹುದು. ಕೊನೆಗೆ ಗುಲಾಬಿಯೇ ಹೇಳಿದ್ದು.

"ಇಲ್ಲಿ ತಂದ್ ಇಡಿ. ನನ್ ಮಂಚದ್ ಆಚೆ ಬದಿ."

"ಅವ ಬಂದ್ ಕಂಡ್ರೆ?"

"ಸಾಯುವವ್ಳ್ ಕೋಣಿಗೆ ಯಾರೂ ಬತ್ತಿಲ್ಲೆ."

ಆ ಮಾತನ್ನು ಅವಳು ನಮ್ಮ ಮನೆಯಲ್ಲಿ ಮೊದಲ ಸಲ ಆಡಿದ್ದು. ಗಿಡಗಳನ್ನು ಗೋಡೆಗೂ ಮಂಚಕ್ಕೂ ನಡುವೆ ಇಟ್ಟು ಹಳೆಯ ಸೀರೆ ಹೊದಿಸಿದೆ. ಗೂಡು, ದೀಪ ಮಡಿಚಿ ಮಂಚದ ಕೆಳಗೆ. ಅಡಿಗೆಮನೆಯಲ್ಲಿ ಎಣ್ಣೆಗೆ ಇಂಗು, ಬೆಳ್ಳುಳ್ಳಿ, ಒಣಮೆಣಸು ಹಾಕಿ ಹೊಗೆ ಎಬ್ಬಿಸಿದೆ.

ಬಂದವನು ದೊಡ್ಡ ಆಳು, ಬಿಳಿಯ, ಮರ್ಯಾದಸ್ಥ. ಕೆಮ್ಮುತ್ತಲೇ ಬಾಯ್ಲರ್ ಬಿಚ್ಚಿ ನೋಡಿದ. ಕಪಾಟಿನ ನೆಲದ ಮೇಲೆ ಬಿದ್ದಿದ್ದ ಮಣ್ಣನ್ನು ನೋಡಿದ. ಒಣಗಿದ ಒಂದು ಎಲೆಯೂ ಅಲ್ಲಿತ್ತು. ನಾನು ಗುಡಿಸಿದ್ದೆ, ಅದು ಹೇಗೆ ಉಳಿಯಿತೋ. ಅವನು ಅದನ್ನು ನೋಡಿದ್ದನ್ನು ನಾನು ನೋಡಿದೆ. ಆಮೇಲೆ ಕೋಣೆ ಬಿಸಿಮಾಡುವ ರೇಡಿಯೇಟರ್ ಮುಟ್ಟಿ ನೋಡಬೇಕು ಎಂದು ಕೋಣೆಯ ಬಾಗಿಲ ತನಕ ಬಂದ. ಒಳಗೆ ಗುಲಾಬಿ, ಮೂಳೆಗೆ ಸೀರೆ ಸುತ್ತಿದ ಹಾಗೆ. ಬಕೆಟ್ಟು, ಔಷಧಿ, ಕೂದಲಿಲ್ಲದ ತಲೆ. ಅವಳು ಅವನನ್ನು ನೋಡಿ ಕೈ ಮುಗಿದಳು.

ಅವನು ಹೊಸಲು ದಾಟಲಿಲ್ಲ. ಕಾಗದಕ್ಕೆ ಸಹಿ ಹಾಕಿಸಿಕೊಂಡ. ಹೊರಡುವಾಗ ನನ್ನ ಭುಜದ ಮೇಲೆ ಕೈಯಿಟ್ಟು, ತನ್ನ ಅಮ್ಮನೂ ಹೀಗೇ ಇದ್ದರು ಎಂದ. ಅಷ್ಟೇ.

ಬಾಗಿಲು ಹಾಕಿ ನೆಲದ ಮೇಲೆ ಕೂತೆ. ಒಳಗಿನಿಂದ ಗುಲಾಬಿ, "ಹ್ವಾದ್ನಾ? ಕಿಟಕಿ ತೆಗಿನಿ, ಇಂಗಿನ್ ಹೊಗೆಯಲ್ಲೇ ನಾ ಸಾಯ್ತೆ" ಎಂದಳು.

ಮೇ 19, ಭಾನುವಾರ

ಶೀತಲ್‌ಗೆ ಗೊತ್ತಾಯಿತು.

ಗಿಡಗಳು ಇನ್ನೂ ಕೋಣೆಯಲ್ಲೇ ಇದ್ದವು. ಅಲ್ಲೇ ಇರಲಿ ಎಂದು ಗುಲಾಬಿ ಹೇಳಿದ್ದಳು. ಇವತ್ತು ಶೀತಲ್ ಬರುವ ಮೊದಲು ತೆಗೆದಿಡಬೇಕಿತ್ತು, ಅವಳು ಒಂದು ರೈಲು ಮುಂಚೆಯೇ ಬಂದುಬಿಟ್ಟಳು. ಒಳಗೆ ಕಾಲಿಟ್ಟವಳೇ ಮೂಗು ಅರಳಿಸಿದಳು. ಮಂಚದ ಆಚೆಗೆ ಹೋಗಿ ಸೀರೆ ಎಳೆದಳು.

"ಅಪ್ಪಾ. ವಾಟ್ ದ ಹೆಲ್ ಈಸ್ ದಿಸ್?"

ಅವಳು ಇಂಗ್ಲಿಷಿನಲ್ಲಿ ಕಿರುಚಿದಳು: ನಾನು ಮಾದಕ ಔಷಧಿಗಳಿಗೆ ಬೀಗ ಹಾಕಿ ಕೀಲಿ ಇಟ್ಟುಕೊಳ್ಳುವವಳು, ನನ್ನ ಅಪ್ಪ ಬೆಡ್‌ರೂಮಿನಲ್ಲಿ ಗಾಂಜಾ ಬೆಳೆಯುತ್ತಾನೆ, ನನ್ನ ಫಾರ್ಮಸಿಸ್ಟ್ ರಿಜಿಸ್ಟ್ರೇಶನ್ ಹೋಗುತ್ತದೆ, ನಿಮ್ಮ ಮನೆ ಹೋಗುತ್ತದೆ, ಅಮ್ಮನನ್ನು ಬೀದಿಯಲ್ಲಿ ಮಲಗಿಸುತ್ತೀರಾ ಎಂದಳು. ಎಲ್ಲವೂ ನಿಜವೇ. ಕುಂಡ ಎತ್ತಿಕೊಂಡು ಈಗಲೇ ಕಸಕ್ಕೆ ಹಾಕುತ್ತೇನೆ ಎಂದು ಹೊರಟಳು.

"ಹೆಣೆ, ಅದ್ನ್ ಕೆಳ್ಗ್ ಇಡ್" ಎಂದಳು ಗುಲಾಬಿ.

ಶೀತಲ್ ನಿಂತಳು.

"ಅದ್ ತರ್ಸಿದ್ದ್ ನಾನ್. ನಿನ್ನ್ ಅಪ್ಪಯ್ಯ ಬ್ಯಾಡ ಅಂದ್ರ್. ನಾ ಅತ್ತ್ ಕರ್ದ್ ತರ್ಸಿದೆ. ಬೈಯೂದಾದ್ರೆ ನಂಗ್ ಬೈ."

ಇಷ್ಟು ಸಲೀಸಾಗಿ ಸುಳ್ಳು ಹೇಳಲು ಅವಳಿಗೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಬಾಯಿ ತೆರೆದೆ. ಗುಲಾಬಿ ನನ್ನ ಕಡೆ ನೋಡಿದ ರೀತಿಗೆ ಮುಚ್ಚಿಕೊಂಡೆ.

ಶೀತಲ್ ಕುಂಡವನ್ನು ಕೆಳಗಿಟ್ಟಳು. ಅಲ್ಲೇ ಗೋಡೆಗೆ ಒರಗಿ ಕೂತು ಅತ್ತಳು. "ಐ ಆಸ್ಕ್ಡ್ ಯೂ, ಅಮ್ಮಾ. ನಿನಗೇನು ಬೇಕು ಅಂತ ಐ ಕೆಪ್ಟ್ ಆಸ್ಕಿಂಗ್ ಯೂ." ಊಟ ಮಾಡದೆ ಹೊರಟಳು. ಡಬ್ಬಿ ಕಟ್ಟಿಟ್ಟಿದ್ದೆ. ತೆಗೆದುಕೊಳ್ಳಲಿಲ್ಲ. ಲಿಫ್ಟಿನ ತನಕ ಹೋಗಿ ನಿಂತು ವಾಪಸು ಬಂದೆ.

ಸಂಜೆ ಫೋನು ಮಾಡಿದಳು. ನಾನು ಇವತ್ತು ಏನೂ ನೋಡಿಲ್ಲ ಎಂದಳು. ಆಮೇಲೆ, "ಅಮ್ಮನ ಮಾರ್ಫೀನ್ ಜೊತೆಗೆ ಇದು ಸೇರಿದರೆ ಮಂಪರು ತುಂಬಾ ಜಾಸ್ತಿಯಾಗುತ್ತೆ. ವೆರಿ ಲಿಟಲ್, ಅಪ್ಪಾ. ಪ್ರಾಮಿಸ್ ಮೀ" ಎಂದಳು. ಆಗಲಿ ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಗುಲಾಬಿಯನ್ನು ಕೇಳಿದೆ. "ನಾ ಹೋಪವ್ಳ್. ನೀವಿಬ್ರ್ ಇರ್ಕಲ್ದಾ" ಎಂದಳು.

ಮೇ 27, ಸೋಮವಾರ

ಒಂದು ಗಿಡ ಕತ್ತರಿಸಿ ತಲೆಕೆಳಗಾಗಿ ನೇತುಹಾಕಿದೆ. ಇನ್ನೊಂದು ಹಿಂದೆ ಬಿದ್ದಿದೆ, ಮೊದಲು ಸುಟ್ಟಿದ್ದು ಅದೇ. ಗುಲಾಬಿ ಈಗ ಎದ್ದು ಕೂರುವುದಿಲ್ಲ. ಹಾಸಿಗೆಯಲ್ಲಿ ಅವಳಿರುವ ಜಾಗ ಚಿಕ್ಕದಾಗುತ್ತಿದೆ. ಒಲೆಯ ಬಿಸಿಗೆ ಹಿಡಿದು ಬೇಗ ಒಣಗಿಸಲಾ ಎಂದೆ. ಬೇಡ, ಅದರಷ್ಟಕ್ಕೆ ಒಣಗಲಿ ಎಂದಳು. ಕಾಯುವುದು ಕಷ್ಟ. ಕಾವಲಿಯ ಮುಂದೆ ನಿಂತವನಿಗೆ ಕಾದು ಅಭ್ಯಾಸವಿಲ್ಲ.

ಜೂನ್ 8, ಶನಿವಾರ

ಉಂಡಳು!

ಒಣಗಿದ ಹೂ ಹಾಕಿ ಕಾಸಿದ ತುಪ್ಪವನ್ನು ಬೆಳಿಗ್ಗೆ ಅಕ್ಕಿಕಾಳಿನಷ್ಟು ನಾಲಿಗೆಗೆ ಸವರಿದೆ. ಒಂದು ಗಂಟೆ ಏನೂ ಇಲ್ಲ. ಮೋಸವಾಯಿತು ಎಂದುಕೊಂಡೆ. ಆಮೇಲೆ ಹುಬ್ಬಿನ ನಡುವಿನ ಗಂಟು ಮೆಲ್ಲಗೆ ಬಿಚ್ಚಿತು. ಅದು ಅಲ್ಲಿತ್ತು ಎನ್ನುವುದೇ ನನಗೆ ಮರೆತುಹೋಗಿತ್ತು. ಕಣ್ಣು ಬಿಟ್ಟು, "ಬಂಗುಡೆ ಸಾರ್ ಇತ್ತಾ?" ಎಂದಳು.

ಇರಲಿಲ್ಲ. ಮಾರ್ಕೆಟ್ಟಿಗೆ ಓಡಿದೆ. ಈ ವಯಸ್ಸಿನಲ್ಲಿ ಹಾಗೆ ಓಡಿದವನನ್ನು ನೋಡಿ ಬಸ್ಸಿನವನು ನಿಲ್ಲಿಸಿ ಹತ್ತಿಸಿಕೊಂಡ. ತೆಂಗಿನಕಾಯಿ ಅರೆದು, ಹುಣಸೆ ಮುಂದಾಗಿ ಹಾಕಿ ಮಾಡಿದೆ. ಗಂಜಿಯ ಜೊತೆ ತಿಂದಳು. ಮುಳ್ಳು ತೆಗೆದು ಕೊಟ್ಟೆ, ಬೆರಳು ಚೀಪಿದಳು. ಉಪ್ಪು ಒಂದು ಚೂರು ಕಡಿಮೆ ಎಂದಳು. ಹೌದು, ಕಡಿಮೆಯಿತ್ತು. ವಾಂತಿ ಆಗಲಿಲ್ಲ. ಮಧ್ಯಾಹ್ನವಿಡೀ ನಿದ್ರೆ ಮಾಡಿದಳು. ನಾನು ಹೋಟೆಲಿಗೆ ಹೋಗದೆ ಅವಳು ನಿದ್ರೆ ಮಾಡುವುದನ್ನು ನೋಡುತ್ತಾ ಕೂತೆ.

ಶೀತಲ್‌ಗೆ ಫೋನು ಮಾಡಿ, ಅಮ್ಮ ಮೀನು ತಿಂದಳು ಎಂದೆ. ಆ ಕಡೆಯಿಂದ ಮೂಗು ಏರಿಸಿದ ಸದ್ದು ಕೇಳಿತು.

ಜೂನ್ 11, ಮಂಗಳವಾರ

ನಿನ್ನೆ ಅಷ್ಟಾಗಿ ಹಸಿವಾಗಲಿಲ್ಲ. ಇವತ್ತು ಸ್ವಲ್ಪ ಜಾಸ್ತಿ ಕೊಟ್ಟೆ. ಅಕ್ಕಿಕಾಳಿನ ಬದಲು ಕಡಲೆಯಷ್ಟು. ಶನಿವಾರದ ಹಾಗೆ ಇನ್ನೊಮ್ಮೆ ಉಣ್ಣಲಿ ಎಂದು.

ಮಧ್ಯಾಹ್ನದ ಹೊತ್ತಿಗೆ ಅವಳಿಗೆ ನನ್ನ ಗುರುತು ಸಿಗಲಿಲ್ಲ. ಗೋಡೆ ಹತ್ತಿರ ಬರುತ್ತಿದೆ ಎಂದಳು. ನನ್ನ ಕೈ ಕಂಡರೆ ಕಿರುಚಿದಳು. ಬಾಯಿಯನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು, "ಅಬ್ಬೀ, ಇವ್ರಿಗ್ ಬ್ಯಾಡ ಅಂದ್ ಹೇಳ್, ಅಬ್ಬೀ" ಎಂದು ಅತ್ತಳು. ನಾನು ಬಾಗಿಲ ಹೊರಗೆ ಕೂತೆ. ಒಳಗೆ ಹೋದರೆ ಹೆದರುತ್ತಾಳೆ, ಹೋಗದಿದ್ದರೆ ಒಬ್ಬಳೇ. ಆಂಬುಲೆನ್ಸ್ ಕರೆಯುವುದಕ್ಕೆ ಕೈ ಫೋನಿನ ಮೇಲಿತ್ತು. ಶೀತಲ್‌ಗೆ ಮಾಡಿದೆ. ಕೆಲಸ ಬಿಟ್ಟು ಬಂದಳು. ಬಂದವಳು ನನಗೆ ಒಂದು ಮಾತೂ ಅನ್ನಲಿಲ್ಲ. ಅಮ್ಮನ ಉಸಿರು ಎಣಿಸುತ್ತಾ ಪಕ್ಕದಲ್ಲಿ ಮಲಗಿದಳು.

ಜೂನ್ 12, ಬುಧವಾರ

ಎಚ್ಚರವಾದಾಗ ಗುಲಾಬಿಗೆ ನನ್ನ ಗುರುತು ಸಿಕ್ಕಿತು. ತುಪ್ಪದ ಡಬ್ಬಿ ಕಡೆ ಕಣ್ಣಲ್ಲೇ ತೋರಿಸಿದಳು.

"ಇನ್ನ್ ಸಾಕ್."

"ಒಂಚೂರೇ ಕೊಡ್ತೆ. ಶನಿವಾರದಷ್ಟೇ."

"ಹ್ವಾಯ್. ಸಾಕ್ ಅಂದೆ."

ತುಪ್ಪವನ್ನು ಸಿಂಕಿಗೆ ಸುರಿದು ಬಿಸಿನೀರು ಬಿಟ್ಟೆ.

ಜೂನ್ 15, ಶನಿವಾರ

ಮನೆಗೆ ಬರುವ ನರ್ಸ್ ಗುರುದೇವಿ ಇವತ್ತು ಸಿರಿಂಜಿನ ಪಂಪು ಜೋಡಿಸಿದರು. ಮಾರ್ಫೀನ್ ಇನ್ನು ತಾನೇ ಹೋಗುತ್ತದೆ. ನಮ್ಮವರೇ, ದಾವಣಗೆರೆಯವರು. ಅವರು ಇದ್ದಷ್ಟು ಹೊತ್ತು ಉಳಿದ ಗಿಡ ಕಪಾಟಿನ ಬೀಗದೊಳಗಿತ್ತು. ಊಟ ಏನು ಕೊಡಲಿ ಎಂದೆ. "ಕೇಳಿದ್ರೆ ಕೊಡಿ ಸರ್. ಕೇಳ್ದೆ ಇದ್ರೆ ಬೇಡ. ದೇಹಕ್ಕೆ ಈಗ ಬೇಡವಾಗಿದೆ, ಅಷ್ಟೆ. ನೀವು ಉಪವಾಸ ಕೆಡವ್ತಿದೀರಿ ಅಂತ ಅಲ್ಲ" ಎಂದರು. ಗೊತ್ತು ಎಂದೆ. ಅವರು ಇನ್ನೂ ಏನೋ ವಿವರಿಸಲು ಬಾಯಿ ತೆರೆದಿದ್ದರು, ನನ್ನ ಮುಖ ನೋಡಿ ನಿಲ್ಲಿಸಿದರು. ಕಡ್ಡಿಯ ತುದಿಗೆ ಸ್ಪಂಜಿರುವುದನ್ನು ಕೊಟ್ಟು ತುಟಿ ಒದ್ದೆ ಮಾಡುವುದನ್ನು ತೋರಿಸಿದರು.

ಜೂನ್ 18, ಮಂಗಳವಾರ

ನೀರು. ತುಟಿ ಚೀಪಿದಳು.

ಜೂನ್ 20, ಗುರುವಾರ

ಶೀತಲ್ ಇಲ್ಲೇ ಇದ್ದಾಳೆ. ನಾವಿಬ್ಬರೂ ಸರದಿಯಲ್ಲಿ. ಗುಲಾಬಿ ಒಮ್ಮೆ ಕಣ್ಣು ತೆರೆದು ಉಳಿದ ಗಿಡದ ಕಡೆ ನೋಡಿದ ಹಾಗಾಯಿತು. ನೀರು ಹಾಕಿದ್ದೇನೆ ಎಂದೆ. ಕೇಳಿಸಿತೋ ಇಲ್ಲವೋ.

ಜೂನ್ 22, ಶನಿವಾರ

ಬೆಳಿಗ್ಗೆ ಹೋದಳು. ನಾನು ಸ್ಪಂಜು ಅದ್ದಲು ಲೋಟದ ಕಡೆ ತಿರುಗಿದ್ದೆ.

ಜೂನ್ 30, ಭಾನುವಾರ

ಶುಕ್ರವಾರ ಎಲ್ಲ ಮುಗಿಯಿತು. ಇಲ್ಲಿ ಸುಡುವುದಕ್ಕೂ ಸರದಿಯಲ್ಲಿ ಕಾಯಬೇಕು.

ಮನೆ ತುಂಬ ಡಬ್ಬಿಗಳು. ರತ್ನಾಬಾಯಿ ಜೋಳದ ರೊಟ್ಟಿ, ಪಲ್ಯ ತಂದರು. ಹೋಟೆಲಿನಿಂದ ಪಾತ್ರೆಗಟ್ಟಲೆ ಬಂತು. "ಉಣ್ರೀ, ಉಣ್ಣದಿದ್ರ ಹ್ಯಾಂಗ್ರೀ" ಎಂದು ರತ್ನಾಬಾಯಿ ನನ್ನ ತಟ್ಟೆಗೆ ಬಡಿಸುತ್ತಲೇ ಇದ್ದರು. ಒಳ್ಳೆಯ ಮನಸ್ಸಿನವರು. ಅವರು ಹೋಗುವ ತನಕ ತಟ್ಟೆ ಹಿಡಿದುಕೊಂಡು ಕೂತಿದ್ದೆ.

ಸೂರಜ ಉಳಿದ ಗಿಡವನ್ನು ನೋಡಿ, ಒಳ್ಳೇ ಹೂ ಬಂದಿದೆ ಅಣ್ಣಾ, ನಾನು ತಗೊಂಡು ಹೋಗಲಾ, ಬೇಕಾದವರು ತುಂಬಾ ಜನ ಇದಾರೆ ಎಂದ. ಬೇಡ ಎಂದೆ. ಅವನು ಹೋದ ಮೇಲೆ ಗಿಡವನ್ನು ಬುಡದಲ್ಲಿ ಕತ್ತರಿಸಿ, ತುಂಡು ತುಂಡು ಮಾಡಿ, ಉಳಿದ ಅನ್ನ ಸಾರಿನ ಜೊತೆ ಕಲಸಿ ಕಸದ ಚೀಲಕ್ಕೆ ಹಾಕಿ ಕೆಳಗೆ ಇಟ್ಟು ಬಂದೆ. ಕೋಣೆಯ ಕಿಟಕಿ ತೆರೆದಿಟ್ಟೆ. ಶೀತಲ್‌ಳ ಕೆಲಸಕ್ಕೆ ಇನ್ನು ಹೆದರಿಕೆ ಇಲ್ಲ.

ಶೀತಲ್ ಶುಕ್ರವಾರದಿಂದ ಸರಿಯಾಗಿ ತಿಂದಿಲ್ಲ. ಮಧ್ಯಾಹ್ನ ಗಂಜಿ ಮಾಡಿದೆ. ಅವಳ ಮುಂದೆ ಬಟ್ಟಲು ಇಟ್ಟೆ. ಅವಳು ಅದನ್ನು ನೋಡಿದಳು, ಚಮಚ ಮುಟ್ಟಲಿಲ್ಲ. "ಐ ಕಾಂಟ್, ಅಪ್ಪಾ" ಎಂದಳು. ಹೇಳುವಾಗ, ನಾನು ಬಡಿಸುವಾಗಲೆಲ್ಲ ತಟ್ಟೆಗೆ ಅಡ್ಡ ಹಿಡಿಯುವ ಹಾಗೆ, ಕೈ ಮುಂದೆ ಬಂದಿತ್ತು.

"ಆಯ್ತ್. ಹಸ್ವಾದ್ರೆ ಹೇಳ್" ಎಂದೆ.

ಬಟ್ಟಲನ್ನು ಒಂದು ತಟ್ಟೆಯಿಂದ ಮುಚ್ಚಿ ಬದಿಗೆ ಸರಿಸಿದೆ. ಅವಳ ಎದುರಿಗೆ ಕೂತೆ. ಹೊರಗೆ ಟ್ರ್ಯಾಮ್ ಹೋಯಿತು.

ಅವಳು ನನ್ನ ಮುಖವನ್ನೇ ನೋಡಿದಳು, ಗುರುತಿಲ್ಲದವರನ್ನು ನೋಡುವ ಹಾಗೆ. ಕೈ ಇನ್ನೂ ಗಾಳಿಯಲ್ಲೇ ಇತ್ತು. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಜೋರಾಗಿ ಅತ್ತಳು. ಅವಳ ಅಮ್ಮ ಹೋದ ದಿನವೂ, ಸುಡುವಾಗಲೂ ಹಾಗೆ ಅತ್ತಿರಲಿಲ್ಲ.

ನಾನು ಏನು ತಪ್ಪು ಮಾತಾಡಿದೆನೋ ತಿಳಿಯಲಿಲ್ಲ. ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತೆ.